ಜನರೇಟರ್‌ಗಿಂತ ಮೊದಲು ಚೇಂಜ್‌ಓವರ್: ಮನೆಗೆ ಬದಲಿ ವಿದ್ಯುತ್ ಅಳವಡಿಸುವ ಬಗೆ

ಮನೆಗೆ ಜನರೇಟರ್ ಹಾಕಿಸಬೇಕೆಂದು ಬರುವವರು ಮೊದಲು ಕೇಳುವ ಮಾತು ಯಂತ್ರದ ಸಾಮರ್ಥ್ಯದ್ದು, "ಎಷ್ಟು ಕೆವಿಎ ತೆಗೆದುಕೊಳ್ಳಲಿ?" ನಾನು ಮೊದಲು ಕೇಳುವುದು, "ನಿಮ್ಮ ಮೀಟರ್ ಬೋರ್ಡ್ ಎಲ್ಲಿದೆ? ಪಕ್ಕದಲ್ಲಿ ಒಂದೂವರೆ ಅಡಿ ಗೋಡೆ ಖಾಲಿ ಇದೆಯೇ?" ಆ ಖಾಲಿ ಜಾಗದಲ್ಲಿ, ಮನೆಯನ್ನು ಬೀದಿಯ ಕರೆಂಟಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಸೇರಿಸುವ ಚೇಂಜ್‌ಓವರ್ ಸ್ವಿಚ್ ಕೂರಬೇಕು. ಅದು ಕೂರುವವರೆಗೆ ಜನರೇಟರ್ ಮನೆಯ ಅಂಗಳಕ್ಕೆ ಇಳಿಯಬಾರದು ಎಂಬುದು ನನ್ನ ಹಟ. ರಾಯಚೂರು ಜಿಲ್ಲೆಯ ಊರುಗಳಲ್ಲಿ ವೈರಿಂಗ್ ಕೆಲಸ ಮಾಡುತ್ತಾ ಬಂದ ನನಗೆ ಈ ಹಟ ಬರಲು ಒಂದು ಕಾರಣವಿದೆ.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಒಂದು ಮೇ ತಿಂಗಳ ಸಂಜೆ ಬಿರುಗಾಳಿಗೆ ಬೀದಿಯ ತಂತಿ ಹರಿದು ಬಿದ್ದಿತ್ತು. ಲೈನ್‌ಮನ್ ಒಬ್ಬರು ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಆರಿಸಿ ಕಂಬ ಹತ್ತಿದ್ದರು. ಅದೇ ಸಾಲಿನ ಒಂದು ಮನೆಯಲ್ಲಿ, ಎರಡೂ ತುದಿಗೆ ಪಿನ್ ಇದ್ದ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಸಣ್ಣ ಪೆಟ್ರೋಲ್ ಜನರೇಟರ್ ಶುರು ಮಾಡಿದರು. ಮೇನ್ ಸ್ವಿಚ್ ಆರಿಸುವುದನ್ನು ಮರೆತಿದ್ದರು. ಕಂಬದ ಮೇಲಿದ್ದವರಿಗೆ ಸೊಂಟದ ಬೆಲ್ಟ್ ಇತ್ತು, ಆದ್ದರಿಂದ ಕೆಳಗೆ ಬೀಳಲಿಲ್ಲ. ಅಂಗೈ ಸುಟ್ಟಿತು, ಜೀವ ಉಳಿಯಿತು. ಮನೆಯ ಯಜಮಾನರು ಗಾಬರಿಯಲ್ಲಿ ನನ್ನ ಕೈ ಹಿಡಿದು, "ತಮ್ಮಾ, ನಾನು ನನ್ನ ಮನೆಗಷ್ಟೇ ಕರೆಂಟು ಕೊಟ್ಟೆ, ಬೀದಿಗೆ ಕೊಡಲಿಲ್ಲವಲ್ಲ" ಎಂದರು. ಅವರು ಕೆಟ್ಟವರಲ್ಲ. ಮೇನ್ಸ್ ತಂತಿ ಎರಡೂ ದಿಕ್ಕಿಗೆ ಹರಿಯುವ ದಾರಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬೀದಿಯ ಟಿಸಿ 11,000 ವೋಲ್ಟನ್ನು ಇಳಿಸಿ ನಮಗೆ ಕೊಡುತ್ತದೆ. ಕೆಳಗಿನಿಂದ 230 ವೋಲ್ಟ್ ನುಗ್ಗಿಸಿದರೆ ಅದೇ ಟಿಸಿ ಅದನ್ನು ಮೇಲಕ್ಕೆ ಏರಿಸಿಬಿಡಬಲ್ಲದು. ಅಷ್ಟು ದೂರ ಹೋಗುವುದೂ ಬೇಡ, ತಂತಿ ಹಿಡಿದವರ ಜೀವ ತೆಗೆಯಲು 230 ವೋಲ್ಟ್ ಸಾಕು. ಎರಡೂ ತುದಿಗೆ ಪಿನ್ ಇರುವ ಅಂಥ ವೈರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಕತ್ತರಿಸಿ ಹಾಕಿ.

ಒಂದು ತಿಂಗಳು ಬರೆದಿಡಿ

ಕೊಳ್ಳುವ ಮೊದಲು ಒಂದು ತಿಂಗಳು, ಸಾಧ್ಯವಾದರೆ ಏಪ್ರಿಲ್ ಅಥವಾ ಮೇನಲ್ಲಿ, ಕರೆಂಟು ಹೋದ ಹೊತ್ತು ಮತ್ತು ಬಂದ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ. ರಾಯಚೂರಿನ ಪಕ್ಕದ ಶಕ್ತಿನಗರದ ಸ್ಥಾವರದಲ್ಲಿ 1985ರಿಂದ ವಿದ್ಯುತ್ ಉತ್ಪಾದನೆ ನಡೆದಿದೆ, ಅಲ್ಲಿನ ಸಾಮರ್ಥ್ಯ 1,720 ಮೆಗಾವಾಟ್. ಬಳ್ಳಾರಿಯ ಕುಡತಿನಿಯಲ್ಲಿ ಇನ್ನೊಂದು ದೊಡ್ಡ ಸ್ಥಾವರವಿದೆ. ಇಷ್ಟಿದ್ದೂ ನಮ್ಮ ಮನೆಯ ಕರೆಂಟು ಏಕೆ ಹೋಗುತ್ತದೆ ಎಂದು ಜನ ನೊಂದುಕೊಂಡು ಕೇಳುತ್ತಾರೆ. ಸ್ಥಾವರದ ವಿದ್ಯುತ್ ನೇರವಾಗಿ ಊರಿಗೆ ಬರುವುದಿಲ್ಲ, ರಾಜ್ಯದ ದೊಡ್ಡ ಜಾಲಕ್ಕೆ ಸೇರುತ್ತದೆ. ನಮ್ಮಲ್ಲಿ ಕೆಡುವುದು ಬಹುಪಾಲು ಕೊನೆಯ ಕೆಲವು ಕಿಲೋಮೀಟರ್: ಗಾಳಿಗೆ ಬಾಗಿದ ಕಂಬ, ತಂತಿಗೆ ತಾಗುವ ಬೇವಿನ ಕೊಂಬೆ, ಬೇಸಿಗೆಯ ಹೊರೆಗೆ ಸುಟ್ಟ ಟಿಸಿ. ಕೊಂಬೆಯ ತೊಂದರೆ ಅರ್ಧ ಗಂಟೆಯದು. ಟಿಸಿ ಸುಟ್ಟರೆ ಒಂದೆರಡು ದಿನವೂ ಆಗಬಹುದು.

ನೀವು ಬರೆದಿಟ್ಟ ಪಟ್ಟಿಯಲ್ಲಿ ಒಂದೆರಡು ಗಂಟೆಯ ಕಡಿತಗಳೇ ಹೆಚ್ಚಿದ್ದರೆ ಜನರೇಟರ್ ಬೇಡ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮೂರು ಫ್ಯಾನ್, ನಾಲ್ಕು ದೀಪಗಳನ್ನು ನಾಲ್ಕೈದು ಗಂಟೆ ನಡೆಸುತ್ತದೆ, ಹೊಗೆಯಿಲ್ಲ, ಸದ್ದಿಲ್ಲ. ಆರು, ಎಂಟು ಗಂಟೆಯ ಕಡಿತಗಳು ಮರುಕಳಿಸುತ್ತಿದ್ದರೆ, ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲೆ ಇರುವವರಿದ್ದರೆ, ಬೋರ್‌ವೆಲ್ ಬಿಟ್ಟು ಬೇರೆ ನೀರಿಲ್ಲದಿದ್ದರೆ, ಔಷಧಿ ಅಂಗಡಿಯ ಫ್ರಿಜ್ ಮನೆಯ ಮೀಟರಿಗೇ ಸೇರಿದ್ದರೆ, ಆಗ ಜನರೇಟರ್ ಯೋಚಿಸಿ. ಆಗಲೂ ಇನ್ವರ್ಟರ್ ಇರಲಿ. ಏಕೆಂದು ಮುಂದೆ ಹೇಳುತ್ತೇನೆ.

ಹೊರೆಯ ಲೆಕ್ಕ

ಒಂದು ಮನೆಯ ಲೆಕ್ಕ ಹಾಕೋಣ. 75 ವಾಟ್‌ನ ನಾಲ್ಕು ಫ್ಯಾನ್ 300, ಎಂಟು ಎಲ್‌ಇಡಿ ದೀಪ 72, ಫ್ರಿಜ್ 200, ಟಿವಿ 100, ಏರ್ ಕೂಲರ್ 180, ಇನ್ವರ್ಟರ್ ಬ್ಯಾಟರಿ ತುಂಬಲು 300, 1 ಎಚ್‌ಪಿ ಪಂಪ್ 1,100. ಒಟ್ಟು 2,252 ವಾಟ್. ಒಂದೂವರೆ ಟನ್ ಎಸಿ ಸೇರಿಸಿದರೆ ಇನ್ನೂ 1,600, ಅಲ್ಲಿಗೆ 3,852 ವಾಟ್. ಮನೆಯ ಹೊರೆಯನ್ನು ಸಾವಿರದಿಂದ ಭಾಗಿಸಿ ಕಿಲೋವಾಟ್‌ಗೆ ತಂದು, ಅದನ್ನು 0.8ರಿಂದ ಭಾಗಿಸಿದರೆ ಕೆವಿಎ ಸಿಗುತ್ತದೆ: ಸುಮಾರು 4.8. ಹಾಗಾದರೆ 5 ಕೆವಿಎ ಸಾಕೇ? ಸಾಲದು. ಪಂಪಿನ ಮೋಟಾರು ಎದ್ದೇಳುವ ಕ್ಷಣದಲ್ಲಿ ಓಡುವಾಗಿನ ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ. 1 ಎಚ್‌ಪಿ ಪಂಪ್ ಒಂದೇ ಆ ಕ್ಷಣಕ್ಕೆ ಐದಾರು ಕೆವಿಎ ಕೇಳುತ್ತದೆ. ಇದರ ಮೇಲೆ ನಮ್ಮ ಬಿಸಿಲಿದೆ. ಬಿಸಿ ಗಾಳಿಯಲ್ಲಿ ಆಮ್ಲಜನಕ ತೆಳು, ಆದ್ದರಿಂದ 42, 43 ಡಿಗ್ರಿಯ ಮಧ್ಯಾಹ್ನ ಯಂತ್ರ ತನ್ನ ಫಲಕದ ಮೇಲೆ ಬರೆದಷ್ಟು ಶಕ್ತಿ ಕೊಡುವುದಿಲ್ಲ. ಐದನೆಯ ಒಂದು ಪಾಲನ್ನಾದರೂ ಕೈಯಲ್ಲಿ ಮಿಗಿಸಿಕೊಳ್ಳಿ.

ನನ್ನ ಸಲಹೆ: ಈ ಮನೆಗೆ 7.5 ಕೆವಿಎ, ಎಸಿ ಮತ್ತು ಪಂಪನ್ನು ಒಟ್ಟಿಗೆ ಹಾಕುವುದಿಲ್ಲ ಎಂಬ ಶಿಸ್ತಿನೊಂದಿಗೆ. ಎಸಿ, ಪಂಪ್ ಎರಡೂ ಬೇಡವೆಂದರೆ 2 ಅಥವಾ 3 ಕೆವಿಎ ಪೆಟ್ರೋಲ್ ಯಂತ್ರವೇ ಸಾಕು. ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆಗಳನ್ನು ಲೆಕ್ಕಕ್ಕೇ ತರಬೇಡಿ.

ಇರಲಿ ಎಂದು ದೊಡ್ಡದನ್ನೇ ಕೊಳ್ಳುವವರು ಇನ್ನೊಂದು ತಪ್ಪು ಮಾಡುತ್ತಾರೆ. ಡೀಸೆಲ್ ಯಂತ್ರ ತನ್ನ ಸಾಮರ್ಥ್ಯದ ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಹೊಗೆಕೊಳವೆಯಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ರಾತ್ರಿ ಬರೀ ಫ್ಯಾನು ದೀಪಗಳಿಗೆ 7.5 ಕೆವಿಎ ಓಡಿಸುವುದೆಂದರೆ ಇದೇ. ಅದಕ್ಕಾಗಿಯೇ ಇನ್ವರ್ಟರ್ ಬೇಕೆಂದದ್ದು. ಸಂಜೆ ಒಂದೆರಡು ಗಂಟೆ ಜನರೇಟರ್ ಓಡಿಸಿ ಟ್ಯಾಂಕಿಗೆ ನೀರು ಏರಿಸಿ, ಬ್ಯಾಟರಿ ತುಂಬಿಸಿ, ಫ್ರಿಜ್ ತಂಪು ಮಾಡಿ. ರಾತ್ರಿ ಇನ್ವರ್ಟರ್ ಮೇಲೆ ಮಲಗಿ. ಖರ್ಚೂ ಕಡಿಮೆ. 10 ಕೆವಿಎ ಯಂತ್ರ ಅರ್ಧ ಹೊರೆಯಲ್ಲಿ ಗಂಟೆಗೆ ಸುಮಾರು ಒಂದೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಒಂದು ಯೂನಿಟ್ 30 ರೂಪಾಯಿ ದಾಟುತ್ತದೆ.

ಕೊಳ್ಳುವಾಗ ನಿಮಿಷಕ್ಕೆ 1,500 ಸುತ್ತಿನ ಯಂತ್ರವೋ 3,000 ಸುತ್ತಿನದೋ ಎಂದು ಕೇಳಿ. ಮೊದಲನೆಯದು ಭಾರ, ಬೆಲೆ ಹೆಚ್ಚು, ಆದರೆ ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಡೀಸೆಲ್ ಸೆಟ್ಟಾದರೆ ಶಬ್ದ ತಡೆಯುವ ಪೆಟ್ಟಿಗೆ ಸಮೇತವಾಗಿ, ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರದಂತೆ ಇರಬೇಕೆಂಬುದು ನಿಯಮ. 2023ರ ಜುಲೈ 1ರಿಂದ ಹೊಸ ಸೆಟ್ಟುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಎಂಬ ಹೊಗೆಯ ಮಾನದಂಡ ಬಂದಿದೆ. ಫಲಕದ ಮೇಲೆ ಅದನ್ನು ನೋಡಿಯೇ ಹಣ ಕೊಡಿ.

ಜಾಗ: ಹೊಗೆ ಎತ್ತ ಹೋಗುತ್ತದೆ?

ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು, ಆಮೇಲೆ ಮಲಗಿದವರು ಏಳುವುದಿಲ್ಲ. ಪಡಸಾಲೆಯಲ್ಲಿ, ಮೆಟ್ಟಿಲ ಕೆಳಗೆ, ಶಟರ್ ಎಳೆದ ಅಂಗಡಿಯೊಳಗೆ, ಸ್ನಾನದ ಮನೆಯಲ್ಲಿ, ಯಾವ ಸಣ್ಣ ಯಂತ್ರವನ್ನೂ ಇಡಬೇಡಿ. ಒಂದು ಕಿಟಕಿ ತೆರೆದಿದೆ ಎಂಬುದು ರಕ್ಷಣೆಯಲ್ಲ. ಕಿಟಕಿ ಬಾಗಿಲುಗಳಿಂದ 20 ಅಡಿ ದೂರವಿದ್ದರೆ ಒಳ್ಳೆಯದು.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ನಾನು ಪ್ರತಿ ಮನೆಯಲ್ಲೂ ಎರಡೆರಡು ಸಲ ಹೇಳುತ್ತೇನೆ. ಬೇಸಿಗೆಯಲ್ಲಿ ಕಿಟಕಿಗೆ ಏರ್ ಕೂಲರ್ ಕಟ್ಟಿರುತ್ತೇವೆ. ಕೂಲರಿನ ಕೆಲಸವೇ ಹೊರಗಿನ ಗಾಳಿಯನ್ನು ಎಳೆದು ಕೋಣೆಯೊಳಗೆ ತಳ್ಳುವುದು. ಜನರೇಟರ್ ಆ ಕಿಟಕಿಯ ಬಳಿ ಇದ್ದರೆ ಕೂಲರ್ ಹೊಗೆಯನ್ನೇ ಎಳೆದು ಮಲಗಿದ ಮಕ್ಕಳ ಮೇಲೆ ಊದುತ್ತದೆ. ಹುಲ್ಲಿನ ಪ್ಯಾಡಿನ ನೀರು ಧೂಳನ್ನು ಹಿಡಿಯಬಹುದು, ಈ ಅನಿಲವನ್ನು ಹಿಡಿಯುವುದಿಲ್ಲ. ನಿಮ್ಮ ಕೂಲರ್ ಅಷ್ಟೇ ಅಲ್ಲ, ಪಕ್ಕದ ಮನೆಯವರ ಕೂಲರ್ ಯಾವ ಗೋಡೆಯಲ್ಲಿದೆ ಎಂದೂ ನೋಡಿ. ಜಾಗ ಗುರುತಿಸಿದ ಮೇಲೆ ಅಲ್ಲಿ ಒಂದು ಊದುಬತ್ತಿ ಹಚ್ಚಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಗೆ ಎತ್ತ ಸಾಗುತ್ತದೆ ಎಂದು ಗಮನಿಸಿ. ಮುಂಗಾರಿನಲ್ಲಿ ನಮಗೆ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ, ಹಾಗಾಗಿ ಮನೆಯ ಪೂರ್ವದ ಬದಿ ಸಾಮಾನ್ಯವಾಗಿ ಅನುಕೂಲ. ಬೆಂಕಿಯ ಯಂತ್ರವಾದ್ದರಿಂದ ಆಗ್ನೇಯ ಮೂಲೆಯಲ್ಲೇ ಇರಬೇಕೆಂದು ಕೆಲವರು ಕೇಳುತ್ತಾರೆ. ಅಲ್ಲಿ ಮಲಗುವ ಕೋಣೆಯ ಕಿಟಕಿ ಇಲ್ಲದಿದ್ದರೆ ನನ್ನ ತಕರಾರೇನೂ ಇಲ್ಲ.

ಮನೆಗಳು ಒತ್ತೊತ್ತಾಗಿರುವ ಓಣಿಯಲ್ಲಿ 20 ಅಡಿ ಸಿಗುವುದಿಲ್ಲ. ಆಗ ಹೊಗೆಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಒಯ್ಯಬೇಕು. ಡೀಸೆಲ್ ಸೆಟ್ಟಿನ ಕೊಳವೆ ಎಷ್ಟು ಎತ್ತರವಿರಬೇಕು ಎಂಬುದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವಿದೆ: ಕಟ್ಟಡದ ಎತ್ತರಕ್ಕೆ, ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿ ಬಂದ ಮೀಟರನ್ನು ಕೂಡಿಸಬೇಕು. 7 ಮೀಟರಿನ ಮನೆಗೆ 7.5 ಕೆವಿಎ ಯಂತ್ರವಿದ್ದರೆ ಸುಮಾರು 7.55 ಮೀಟರ್. ಕೈ ತಾಗುವ ಎತ್ತರದವರೆಗೆ ಕೊಳವೆಗೆ ಶಾಖ ತಡೆಯುವ ಹೊದಿಕೆ ಸುತ್ತಿಸಿ, ತುದಿಗೆ ಮಳೆ ಟೋಪಿ ಹಾಕಿಸಿ. ಯಂತ್ರದ ಸುತ್ತ ಒಂದು ಮೀಟರ್ ಖಾಲಿ ಇರಲಿ, ಮೇಲೆ ತಗಡಿನ ನೆರಳಿರಲಿ, ಗೋಡೆಗಳು ಬೇಡ.

ನೆಲ ಮತ್ತು ಅರ್ಥಿಂಗ್

ನಿಮ್ಮದು ಕೆಂಪು ಮಣ್ಣಾದರೆ ಈ ಭಾಗ ಸುಲಭ. ಎರೆ ಭೂಮಿಯಾದರೆ ಎಚ್ಚರ ಬೇಕು. ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು ಅದು. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಎರಡು ವರ್ಷಕ್ಕೆ ಕಟ್ಟೆ ಓರೆಯಾಗಿ ಯಂತ್ರ ನಡುಗತೊಡಗುತ್ತದೆ. ಎರಡು ಮೂರು ಅಡಿ ಎರೆ ಮಣ್ಣು ತೆಗೆಸಿ, ಗರಸು ತುಂಬಿ ನೀರು ಬಿಟ್ಟು ಬಡಿಸಿ, ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಹಾಕಿಸಿ. ಕಟ್ಟೆ ಅಂಗಳಕ್ಕಿಂತ ಅರ್ಧ ಅಡಿ ಮೇಲಿರಲಿ. ಯಂತ್ರದ ಕಾಲಿಗೆ ರಬ್ಬರ್ ಪ್ಯಾಡ್ ಇರಬೇಕು.

ಅರ್ಥಿಂಗ್ ಗುಂಡಿಗೂ ಇದೇ ಮಣ್ಣಿನ ತೊಂದರೆ. ಒದ್ದೆ ಎರೆ ಮಣ್ಣು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಏಪ್ರಿಲ್‌ನಲ್ಲಿ ಬಿರುಕು ಬಿಟ್ಟಾಗ ಮಣ್ಣಿಗೂ ಪೈಪಿಗೂ ನಡುವೆ ಗಾಳಿ ಉಳಿದು ಅರ್ಥಿಂಗ್ ಹೆಸರಿಗಷ್ಟೇ ಇರುತ್ತದೆ. ನಾವು ಜನರೇಟರನ್ನು ಹೆಚ್ಚು ಬಳಸುವ ತಿಂಗಳೂ ಅದೇ. ಗುಂಡಿಗೆ ನೀರು ಹೊಯ್ಯಲು ಮುಚ್ಚಳವಿರುವ ಸಣ್ಣ ಕಟ್ಟೆ ಕಟ್ಟಿಸಿ, ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಿ. ಡೀಸೆಲ್ ಸೆಟ್ಟಿಗೆ ಯಂತ್ರದ ಮೈಗೆ ಎರಡು, ನ್ಯೂಟ್ರಲ್‌ಗೆ ಪ್ರತ್ಯೇಕವಾಗಿ ಎರಡು ಗುಂಡಿ ತೆಗೆಯುವುದು ಕ್ರಮ. ಅಳತೆ ಮಾಡಿಸಿದಾಗ 5 ಓಮ್‌ಗಿಂತ ಕಡಿಮೆ ಬರಬೇಕು, ಅಳೆಯುವುದನ್ನು ಮೇ ತಿಂಗಳಲ್ಲಿ ಮಾಡಿಸಿ. ಮಳೆಗಾಲದಲ್ಲಿ ಬರುವ ಅಂಕಿ ನಂಬುವಂಥದ್ದಲ್ಲ.

ನ್ಯೂಟ್ರಲ್‌ನ ಅರ್ಥಿಂಗನ್ನು ಉಳಿತಾಯಕ್ಕೆಂದು ಬಿಡಿಸುವವರಿದ್ದಾರೆ. ಬಿಡಬೇಡಿ. ನಿಮ್ಮ ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ತಾನಾಗಿ ಆರಿ ಜೀವ ಕಾಯುವ ಆರ್‌ಸಿಸಿಬಿ ಇದೆಯಲ್ಲ, ಸೋರಿದ ಕರೆಂಟು ಭೂಮಿಯ ಮೂಲಕ ಜನರೇಟರಿನ ನ್ಯೂಟ್ರಲ್‌ಗೆ ಮರಳುವ ದಾರಿ ಇದ್ದರೆ ಮಾತ್ರ ಅದು ಬೀಳುತ್ತದೆ. ದಾರಿ ಇಲ್ಲದಿದ್ದರೆ ಜನರೇಟರ್ ಓಡುವಷ್ಟು ಹೊತ್ತು ಆರ್‌ಸಿಸಿಬಿ ಗೋಡೆಯ ಮೇಲಿನ ಖಾಲಿ ಡಬ್ಬಿಯಿದ್ದಂತೆ.

ಚೇಂಜ್‌ಓವರ್

ಇಲ್ಲಿಂದ ಮುಂದಿನ ಕೆಲಸವನ್ನು ನೀವೇ ಮಾಡಬೇಡಿ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರಿಂದ ಮಾಡಿಸಿ. ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂ ಕಂಪನಿಯ ಉಪವಿಭಾಗ ಕಚೇರಿಗೆ ಒಂದು ಅರ್ಜಿ ಬರೆದು, ಇಂಥ ಆರ್‌ಆರ್ ನಂಬರಿನ ಮನೆಯಲ್ಲಿ ಜನರೇಟರ್ ಇದೆ, ಚೇಂಜ್‌ಓವರ್ ಅಳವಡಿಸಿದೆ ಎಂದು ತಿಳಿಸಿ. ನಿಮ್ಮ ಬೀದಿಯ ಪವರ್‌ಮ್ಯಾನ್‌ಗೂ ಬಾಯಿ ಮಾತಿನಲ್ಲಿ ಹೇಳಿ. ಕಂಬ ಹತ್ತುವವರಿಗೆ ಅದು ತಿಳಿದಿರಬೇಕು.

ಚೇಂಜ್‌ಓವರ್ ಎಂದರೆ ಮೂರು ನಿಲುವಿನ ಸ್ವಿಚ್: ಮೇನ್ಸ್, ಆಫ್, ಜನರೇಟರ್. ಒಂದು ಕಡೆ ಸೇರಬೇಕಾದರೆ ಇನ್ನೊಂದು ಕಡೆ ಬಿಟ್ಟೇ ಹೋಗಬೇಕು, ಅದರ ಲೋಹದ ರಚನೆಯೇ ಹಾಗಿರುತ್ತದೆ. ಮನುಷ್ಯರ ನೆನಪಿಗೆ ಕೆಲಸ ಬಿಡುವುದಿಲ್ಲ, ಅದರ ಬೆಲೆ ಇರುವುದು ಇಲ್ಲೇ. ಎರಡು ಎಂಸಿಬಿಗಳನ್ನು ಪಕ್ಕಪಕ್ಕ ಹಾಕಿ "ಒಂದನ್ನು ಆರಿಸಿ ಇನ್ನೊಂದನ್ನು ಹಾಕಿ" ಎಂದು ಹೇಳಿಹೋಗುವವರ ಕೆಲಸವನ್ನು ಒಪ್ಪಬೇಡಿ. ಸ್ವಿಚ್ ಮೀಟರಿನ ನಂತರ, ಮನೆಯ ಹಂಚಿಕೆ ಬೋರ್ಡಿನ ಮೊದಲು ಬರಬೇಕು. ಫೇಸ್ ಜೊತೆಗೆ ನ್ಯೂಟ್ರಲನ್ನೂ ಬದಲಿಸಬೇಕು: ಸಿಂಗಲ್ ಫೇಸ್ ಮನೆಗೆ ಎರಡು ಪೋಲ್, ತ್ರೀ ಫೇಸ್ ಮನೆಗೆ ನಾಲ್ಕು ಪೋಲ್. 7.5 ಕೆವಿಎ ಸಿಂಗಲ್ ಫೇಸ್ ಯಂತ್ರ ಸುಮಾರು 33 ಆಂಪಿಯರ್ ಕೊಡುತ್ತದೆ, 10 ಕೆವಿಎ ಸುಮಾರು 43. ಇವೆರಡಕ್ಕೂ 63 ಆಂಪಿಯರ್ ಸ್ವಿಚ್, 10 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿಸಿ. ಬಿಸಿಲಿಗೆ ಕಾದ ಗೋಡೆಯಲ್ಲಿ ಕೇಬಲ್ ಹೊರುವ ಕರೆಂಟೂ ಇಳಿಯುತ್ತದೆ, ಇಲ್ಲಿ ಜಿಪುಣತನ ಬೇಡ. ನೆಲದಡಿ ಹೋಗುವುದಾದರೆ ಉಕ್ಕಿನ ಕವಚದ ಕೇಬಲ್ ಬೇಕು, ಪೈಪಿನ ಬಾಯಿಗಳನ್ನು ಮುಚ್ಚಿಸಿ. ಭತ್ತದ ಸೀಮೆಯಲ್ಲಿ ಇಲಿ ಹೆಗ್ಗಣಗಳು ಕೇಬಲನ್ನು ಬಿಡುವುದಿಲ್ಲ.

ತ್ರೀ ಫೇಸ್ ಬೋರ್‌ವೆಲ್ ಇದ್ದರೆ ಜನರೇಟರಿನ ಫೇಸ್‌ಗಳ ಸರದಿ ಮೇನ್ಸಿನ ಸರದಿಗೆ ಹೊಂದಿದೆಯೇ ಎಂದು ಪರೀಕ್ಷಿಸಬೇಕು. ಹೊಂದದಿದ್ದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ.

ವಯಸ್ಸಾದವರು ಮಾತ್ರ ಇರುವ ಮನೆಗೆ, ಉಸಿರಾಟದ ಯಂತ್ರವಿರುವ ಮನೆಗೆ ತಾನಾಗಿ ಶುರುವಾಗುವ ಎಎಂಎಫ್ ಪ್ಯಾನೆಲ್ ಹಾಕಿಸಿ. ಕರೆಂಟು ಹೋದ ಕೆಲವು ಸೆಕೆಂಡಿಗೆ ಅದು ಯಂತ್ರವನ್ನು ಎಬ್ಬಿಸಿ ಹೊರೆ ವಹಿಸುತ್ತದೆ. ಆ ಸೆಕೆಂಡುಗಳ ಅಂತರವನ್ನು ಇನ್ವರ್ಟರ್ ತುಂಬುತ್ತದೆ. ಆದರೂ ಆಕ್ಸಿಜನ್ ಬೇಕಿರುವವರ ಹಾಸಿಗೆ ಪಕ್ಕ ಒಂದು ತುಂಬಿದ ಸಿಲಿಂಡರ್ ಇರಲೇಬೇಕು, ಯಂತ್ರದ ಮೇಲೆ ಅಷ್ಟು ಭಾರ ಹಾಕಬಾರದು. ಉಳಿದವರಿಗೆ ಕೈಯಿಂದ ತಿರುಗಿಸುವ ಸ್ವಿಚ್ಚೇ ಸಾಕು.

ಮಾಳಿಗೆಯ ಮೇಲೆ ಸೌರ ಫಲಕಗಳಿರುವ ಮನೆಗಳು ಈಗ ಹೆಚ್ಚುತ್ತಿವೆ. ಗ್ರಿಡ್‌ಗೆ ಸೇರಿದ ಸೋಲಾರ್ ಇನ್ವರ್ಟರ್ ಕರೆಂಟು ಹೋದಾಗ ಲೈನ್‌ಮನ್ ಸುರಕ್ಷತೆಗಾಗಿ ತಾನೇ ನಿಲ್ಲುತ್ತದೆ. ಅದರ ಸಂಪರ್ಕ ಚೇಂಜ್‌ಓವರಿನ ಮನೆಯ ಬದಿಗಿದ್ದರೆ ಜನರೇಟರಿನ ಕರೆಂಟನ್ನೇ ಗ್ರಿಡ್ ಎಂದು ತಿಳಿದು ಎದ್ದು, ಜನರೇಟರಿನೊಳಕ್ಕೆ ವಿದ್ಯುತ್ ತಳ್ಳಿ ಎರಡನ್ನೂ ಹಾಳು ಮಾಡಬಹುದು. ಸೋಲಾರ್ ತಂತಿ ಚೇಂಜ್‌ಓವರಿನ ಮೇನ್ಸ್ ಬದಿಗೇ ಸೇರಿರಬೇಕು.

ಮೊದಲ ಓಟ

ಹೊರೆಯಿಲ್ಲದೆ ಶುರು ಮಾಡಿಸಿ ವೋಲ್ಟ್ 230ರ ಆಸುಪಾಸು, ಆವರ್ತನ 50ರಿಂದ 52 ಹರ್ಟ್ಜ್ ಇದೆಯೇ ನೋಡಿ. ಒಂದೊಂದೇ ಹೊರೆ ಏರಿಸಿ, ಕೊನೆಗೆ ಪಂಪ್ ಹಾಕಿ. ಪಂಪ್ ಎದ್ದಾಗ ದೀಪ ಒಂದು ಕ್ಷಣ ಮಂಕಾದರೆ ತೊಂದರೆಯಿಲ್ಲ, ಯಂತ್ರ ಉಸಿರುಗಟ್ಟಿ ನಿಲ್ಲುವಂತಾದರೆ ಲೆಕ್ಕ ತಪ್ಪಿದೆ. ಜನರೇಟರ್ ಓಡುವಾಗಲೇ ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿಸಿ. ಆ ಗುಂಡಿ ಸ್ವಿಚ್ಚಿನ ಆರೋಗ್ಯವನ್ನಷ್ಟೇ ತೋರಿಸುತ್ತದೆ, ಹಾಗಾಗಿ ಗುತ್ತಿಗೆದಾರರು ತಮ್ಮ ಮೀಟರಿನಿಂದ ಸಾಕೆಟ್ಟಿನಲ್ಲೂ ಸೋರಿಕೆ ಪರೀಕ್ಷೆ ಮಾಡಿ ತೋರಿಸಬೇಕು. ಜನರೇಟರಿನಲ್ಲಿ ಮನೆಯ ಇನ್ವರ್ಟರ್ ಚಾರ್ಜ್ ಹಿಡಿಯದಿದ್ದರೆ ಅದು ಕೆಟ್ಟಿಲ್ಲ. ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ನಿಲುವಿನಿಂದ ಸಾಮಾನ್ಯ ನಿಲುವಿಗೆ ಬದಲಿಸಿ.

ಇಂಧನವನ್ನು ಮನೆಯೊಳಗೆ, ಅಡುಗೆ ಕೋಣೆಯ ಬಳಿ ಇಡಬೇಡಿ. ಬಿಸಿ ಯಂತ್ರಕ್ಕೆ ಪೆಟ್ರೋಲ್ ಹೊಯ್ಯುವುದು ಬೆಂಕಿ ಹಚ್ಚಿದಂತೆಯೇ. ಆರಿಸಿ, ತಣಿಯಲು ಬಿಟ್ಟು, ಆಮೇಲೆ ತುಂಬಿ. ಹತ್ತಿರದಲ್ಲಿ ಎಬಿಸಿ ಮಾದರಿಯ ಅಗ್ನಿಶಾಮಕವಿರಲಿ.

ಹದಿನೈದು ದಿನಕ್ಕೊಮ್ಮೆ, ಕರೆಂಟು ಇದ್ದರೂ, 20 ನಿಮಿಷ ಹೊರೆ ಕೊಟ್ಟು ಓಡಿಸಿ. ಬೇಕಾದ ದಿನ ಏಳದ ಜನರೇಟರುಗಳಲ್ಲಿ ಹೆಚ್ಚಿನವು ಬ್ಯಾಟರಿಯಿಂದ ಕೈಕೊಟ್ಟವು. ನಮ್ಮ ಸೆಖೆಗೆ ಬ್ಯಾಟರಿಯ ನೀರು ಬೇಗ ಆರುತ್ತದೆ, ಡಿಸ್ಟಿಲ್ಡ್ ನೀರು ನೋಡುತ್ತಿರಿ. ಎಂಜಿನ್ ಆಯಿಲನ್ನು ಯಂತ್ರದ ಪುಸ್ತಕ ಹೇಳಿದ ಗಂಟೆಗೆ, ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಏರ್ ಫಿಲ್ಟರನ್ನು ಭತ್ತದ ಕಟಾವಿನ ದಿನಗಳಲ್ಲಿ, ಸಂಡೂರು, ತೋರಣಗಲ್ಲಿನ ಕಡೆಯವರು ಅದಿರಿನ ಧೂಳಿನಿಂದಾಗಿ ವರ್ಷವಿಡೀ, ಪುಸ್ತಕ ಹೇಳಿದ್ದಕ್ಕಿಂತ ಬೇಗ ಬಿಚ್ಚಿ ನೋಡಬೇಕು.

ಕೊನೆಗೆ ಒಂದು ಕಾಗದ. ಕರೆಂಟು ಹೋಗುವ ಹೊತ್ತಿಗೆ ಜನರೇಟರ್ ಹಾಕಿಸಿದವರೇ ಮನೆಯಲ್ಲಿರುತ್ತಾರೆ ಎನ್ನಲಾಗದು. ಅಮ್ಮನೋ, ಅತ್ತೆಯೋ, ಕಾಲೇಜಿಗೆ ಹೋಗುವ ಮಗಳೋ ಅದನ್ನು ನಡೆಸಬೇಕು. ಕೆಲಸ ಮುಗಿದ ದಿನವೇ ಅವರ ಕೈಯಿಂದಲೇ ಎರಡು ಸಲ ಶುರು ಮಾಡಿಸಿ, ನಿಲ್ಲಿಸಿ. ಆಮೇಲೆ ದಪ್ಪ ಅಕ್ಷರದಲ್ಲಿ ಬರೆದು ಚೇಂಜ್‌ಓವರ್ ಪಕ್ಕ ಅಂಟಿಸಿ. ನಾನು ಬರೆದು ಅಂಟಿಸುವುದು ಹೀಗೆ:

ಪಂಪ್, ಎಸಿ, ಫ್ರಿಜ್ ಆರಿಸಿ. ಸ್ವಿಚ್ಚನ್ನು ಆಫ್‌ಗೆ ತನ್ನಿ. ಜನರೇಟರ್ ಶುರು ಮಾಡಿ, ಮೂರು ನಿಮಿಷ ಬಿಡಿ. ಸ್ವಿಚ್ಚನ್ನು ಜನರೇಟರ್‌ಗೆ ತಿರುಗಿಸಿ. ಒಂದೊಂದಾಗಿ ಹಾಕಿ. ಬೀದಿಯ ಕರೆಂಟು ಬಂದರೆ ಐದು ನಿಮಿಷ ಕಾಯಿರಿ. ಎಲ್ಲವನ್ನೂ ಆರಿಸಿ, ಸ್ವಿಚ್ಚನ್ನು ಆಫ್‌ಗೆ ತಂದು, ಆಮೇಲೆ ಮೇನ್ಸ್‌ಗೆ ತಿರುಗಿಸಿ. ಜನರೇಟರ್ ಮೂರು ನಿಮಿಷ ಖಾಲಿ ಓಡಲಿ, ನಂತರ ನಿಲ್ಲಿಸಿ. ಕರೆಂಟು ಹೋದದ್ದನ್ನು ತಿಳಿಸಲು 1912.